ಅತ್ತೆಗೆ ಚಾ

ಬಸುರಿಯರ ವಾರ್ಡಿನಲ್ಲಿ ನಮಗೆ ತರಬೇತಿ ಕೊಡುತ್ತಿದ್ದ ಹಿರಿಯ ಸಿಸ್ಟರ್ ಕನ್ನಡಕ ಒರೆಸುತ್ತಾ ದಿನವೂ ಒಂದೇ ಮಾತು ಹೇಳುತ್ತಿದ್ದರು: “ಮೊದಲು ಅತ್ತೆಯನ್ನು ಚಾ ಕುಡಿಯಲಿಕ್ಕೆ ಕಳಿಸಿ, ಮತ್ತೆ ಹುಡುಗಿಯ ಹತ್ರ ಕೇಳಿ.”

ಮೀಂಜ ಊರಿನಿಂದ ಬಸುರಿಯೊಬ್ಬಳು ಅತ್ತೆಯ ಜೊತೆ ಬಂದ ದಿನ ನಾನು ಅವಸರದಲ್ಲಿ ಅತ್ತೆಯ ಎದುರೇ ಕೇಳಿಬಿಟ್ಟೆ: “ನೋವಿನ ಮಾತ್ರೆಯ ಚಟ ಉಂಟಾ?” ಹುಡುಗಿ ತಲೆ ತಗ್ಗಿಸಿ ಎದ್ದುಹೋದಳು.

ಮನೆಯಲ್ಲಿ ಅತ್ತೆ ಮಾತ್ರೆಗಳನ್ನೆಲ್ಲ ಹುಡುಕಿ ಒಲೆಗೆ ಹಾಕಿದರಂತೆ. ಒಮ್ಮೆಲೇ ನಿಲ್ಲಿಸಿದರೆ ಮಗುವಿಗೂ ಅಪಾಯ ಎಂದು ಅವರಿಗೆ ಹೇಳಿದವರಿರಲಿಲ್ಲ. ನಾಲ್ಕನೆಯ ದಿನ ನಡುಗುತ್ತಿದ್ದ ಹುಡುಗಿಯನ್ನು ಕರೆತಂದರು. ಮಗುವಿನ ಎದೆಬಡಿತ ಸಿಗಲಿಲ್ಲ.

ಸಿಸ್ಟರ್ ನನ್ನನ್ನು ಬೈಯಲಿಲ್ಲ. ಹೊರಗೆ ಬೆಂಚಿನಲ್ಲಿದ್ದ ಅತ್ತೆಗೆ ತಾವೇ ಚಾ ಒಯ್ದರು. “ನಾನು ಒಳ್ಳೇದಕ್ಕೇ ಮಾಡಿದ್ದು ಸಿಸ್ಟರೇ” ಎಂದರು ಆಕೆ.

ಮರುದಿನ ತರಗತಿಯಲ್ಲಿ ಅದೇ ಮಾತು ಹೇಳುವಾಗ ಸಿಸ್ಟರ್ ಎಲ್ಲರನ್ನೂ ನೋಡಿದರು, ನನ್ನೊಬ್ಬಳನ್ನು ಬಿಟ್ಟು.