ಮುಂದಿನ ಆಸನದ ಭಾರ

ಮೊಯೀಸ್ ಮಾವನಿಗೆ ತಮ್ಮ ಹೆಂಡತಿಯ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚು. ನಮ್ಮ ದೋಣಿಗಳಲ್ಲಿ ಇಬ್ಬರೇ ಕೂರುವುದು. ಹಿಂದಿನವರು ದಿಕ್ಕು ಹಿಡಿಯುತ್ತಾರೆ, ಮುಂದಿನವರು ನೀರಿನಡಿಯ ಬಂಡೆ ಕಂಡು ಮೂತಿಯನ್ನು ಸರಿಸುತ್ತಾರೆ. ಬಂಡೆಗಳ ನಡುವೆ ನೀರು ಧುಮುಕಿ ಓಡುವ ಸೆಳವಿನಲ್ಲಿ ಮುಂದಿನವರು ತಿರುಗಿ ನೋಡುವಂತಿಲ್ಲ. ಮದುವೆಯಾದ ಬೇಸಿಗೆಯಿಂದಲೂ ಅಡೆಲಿನ್ ಅತ್ತೆ ಮುಂದೆ, ಮಾವ ಹಿಂದೆ. ಸಸ್ಕಾಚೆವಾನ್ ಪ್ರಾಂತ್ಯದ ಉತ್ತರದ ನದಿಗಳಲ್ಲಿ ಅವರಿಬ್ಬರೂ ದಾರಿ ತೋರಿಸುತ್ತಿದ್ದರೆ ಪಟ್ಟಣದ ಅತಿಥಿಗಳ ದೋಣಿಗಳು ಬಾತುಮರಿಗಳ ಹಾಗೆ ಹಿಂದೆ ಬರುತ್ತಿದ್ದವು.

ಅತ್ತೆ ನನ್ನ ಅಪ್ಪನ ತಂಗಿ. ಹಿಡಿಯಷ್ಟು ಹೆಂಗಸು, ಗಂಟಲು ಮಾತ್ರ ದೊಡ್ಡದು.

"ಬಂಡೆ ಕಾಣ್ತಿರೋದು ನಂಗೆ, ನಿಂಗಲ್ಲ. ಬಾಯ್ಮುಚ್ಕೊಂಡು ಹುಟ್ಟು ಹಾಕು!"

"ನೋಡ್ರಪ್ಪಾ, ನನ್ನ ಹೆಂಡ್ತಿಗೆ ಬೆನ್ನಲ್ಲೂ ಒಂದು ಬಾಯಿ," ಎಂದು ಮಾವ ಹಿಂದಿನ ದೋಣಿಗಳಿಗೆ ಕೂಗಿ ಹೇಳುತ್ತಿದ್ದರು. ಅತ್ತೆಯ ತಲೆಗೆ ಕಟ್ಟಿದ ನೀಲಿ ಬಟ್ಟೆಯ ಗಂಟು ನಗುವಿಗೆ ಕುಣಿಯುತ್ತಿತ್ತು.

ಅತ್ತೆ ಹೋದದ್ದು ಚಳಿಗಾಲದಲ್ಲಿ, ನದಿಯಿಂದ ಬಲು ದೂರದ ಆಸ್ಪತ್ರೆಯಲ್ಲಿ. ಮಂಜು ಕರಗಿದ ಮೇಲೆ ಪ್ರವಾಸಗಳ ಒಡತಿ ಗ್ರೆಟಾ ಮಾವನನ್ನು ಕೂರಿಸಿಕೊಂಡು ಚಹಾ ಕೊಟ್ಟಳು.

"ಒಂದು ಸಲ ಹೋಗಿ ಬನ್ನಿ, ಮೊಯೀಸ್. ಮನಸ್ಸು, ಕೈ ಎರಡೂ ಹಿಡಿತದಲ್ಲಿರುತ್ತೆ ಅನ್ನಿಸಿದ್ರೆ ನದಿ ನಿಮ್ದೇ. ಇಲ್ಲಾ ಅಂದ್ರೆ ನೀವೇ ಬಂದು ಹೇಳಿ. ನಾನಾಗಿ ಹೇಳೋ ಹಾಗೆ ಮಾಡ್ಬೇಡಿ."

ಮಾವ ತಲೆಯಾಡಿಸಿದರು. ಹಾದಿಗೆ ಬಂದಾಗ ನನಗೆ, "ಮನೇಲಿ ಅವಳು ಎಲ್ಲೂ ಸಿಗ್ತಿಲ್ಲ ಸೆಲಿ. ನದೀಲಾದ್ರೂ ಸಿಗ್ತಾಳೆ. ಅದೂ ಹೋದ್ರೆ ನಂಗೇನಿದೆ?" ಎಂದರು.

ಆ ಪ್ರವಾಸಕ್ಕೆ ಎರಡನೆಯ ದೋಣಿ ನನ್ನದು, ಅತಿಥಿಗಳು ಇಬ್ಬರೇ. ವಿನಿಪೆಗ್‌ನಲ್ಲಿ ಬಸ್ ಓಡಿಸುವ ವಿಲ್ಫ್ರಿಡ್, ಅವನ ಹೆಂಡತಿ ಇರ್ಮಾ. ಆತ ಬಾಗಿಲಷ್ಟು ಅಗಲ, ಆಕೆ ಅತ್ತೆಯಷ್ಟೇ ಹಗುರ. ನೀರ ಮೇಲಿಳಿಯುವ ವಿಮಾನ ನಮ್ಮನ್ನು ಸರೋವರದಲ್ಲಿ ಬಿಟ್ಟು ಹೋಯಿತು. ಇರ್ಮಾ ಮಾವನ ಮುಂದೆ ಕೂತಳು, ವಿಲ್ಫ್ರಿಡ್ ನನ್ನ ಮುಂದೆ. ಮೊದಲ ದಿನಗಳ ನೀರು ಸೌಮ್ಯವಾಗಿತ್ತು. ಮಾವ ಸಿಳ್ಳೆ ಕೂಡ ಹಾಕಿದರು.

ದೊಡ್ಡ ಸೆಳವಿನ ದಿನ ಬೆಳಿಗ್ಗೆ ಕರಿನೊಣಗಳ ಕಾಟ ಹೆಚ್ಚಿತು. ಇರ್ಮಾ ಚೀಲದಿಂದ ಒಂದು ಬಟ್ಟೆ ತೆಗೆದು ತಲೆಗೆ ಬಿಗಿದು, ಹಿಂದೆ ಗಂಟು ಹಾಕಿಕೊಂಡಳು. ಹಳದಿ ಬಟ್ಟೆ. ಮಾವ ಕೈಯಲ್ಲಿದ್ದ ಬ್ಯಾನಕ್ ರೊಟ್ಟಿಯನ್ನು ತಿನ್ನದೆ ಕೆಳಗಿಟ್ಟರು.

"ಸೆಲಿ, ಇವತ್ತು ಆಕೆ ನಿನ್ನ ಜೊತೆ ಬರಲಿ. ಅವನನ್ನ ನಂಗೆ ಕೊಡು."

"ನನ್ನನ್ನ ಮುಂದೆ ಕೂರಿಸ್ಕೊಂಡ್ರೆ ದೋಣಿ ಮೀನು ಮಾತಾಡ್ಸೋಕೆ ಹೋಗುತ್ತೆ, ಯೋಚ್ನೆ ಮಾಡಿ," ಎಂದ ವಿಲ್ಫ್ರಿಡ್.

"ಮೀನುಗಳಿಗೂ ಬಸ್ಸು ಬೇಕಲ್ಲಪ್ಪಾ," ಎಂದು ಮಾವ ನಕ್ಕರು.

ದಡದಲ್ಲಿ ನಡೆದು ಸೆಳವನ್ನು ನೋಡಿಕೊಂಡೆವು. ಮಾವ ನದಿಗೆ ಕಾಣಿಕೆಯೆಂದು ಚಿಟಿಕೆ ಹೊಗೆಸೊಪ್ಪನ್ನು ಬಂಡೆಯ ಮೇಲಿಟ್ಟರು. ನಾನೂ ಇರ್ಮಾಳೂ ಮೊದಲು ಇಳಿದು, ಕೆಳಗಿನ ದಡದಲ್ಲಿ ಹಗ್ಗ ಹಿಡಿದು ನಿಂತೆವು. ಮೇಲಿನ ತಿರುವಿನಲ್ಲಿ ಅವರ ದೋಣಿ ಕಂಡದ್ದೇ ನಾನು ಹಗ್ಗದ ಸುರುಳಿ ಬಿಚ್ಚಿದೆ. ಹಿಂಭಾಗ ನೀರಿನಿಂದ ಎದ್ದಿತ್ತು, ಮೂತಿ ತಗ್ಗಿತ್ತು. ದಾರಿ ತಪ್ಪಿರಲಿಲ್ಲ, ನಡುನೀರಿನಲ್ಲೇ ನೇರ ಬಂದರು. ಮೊದಲ ಅಲೆಗೆ ದೋಣಿ ತಲೆ ಎತ್ತಲಿಲ್ಲ, ಅದರೊಳಕ್ಕೇ ಹೊಕ್ಕಿತು. ಎರಡನೆಯದಕ್ಕೆ ಮಗುಚಿತು.

ನಾನೆಸೆದ ಹಗ್ಗ ವಿಲ್ಫ್ರಿಡ್‌ಗೆ ಸಿಕ್ಕಿತು. ಮಾವ ದೋಣಿಯನ್ನು ತಬ್ಬಿಕೊಂಡೇ ಕೆಳಗಿನ ಮರಳಿಗೆ ತೇಲಿ ಬಂದರು. ಇರ್ಮಾ ಸೊಂಟದವರೆಗೆ ನೀರಿಗಿಳಿದು ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಈಜು ಕಲಿ ಕಲಿ ಅಂತ ಬಡ್ಕೊಂಡೆ, ಕೇಳಿದ್ಯಾ? ಹಾಳಾದವ್ನೇ, ಉಸಿರಾಡು, ಉಸಿರಾಡು..."

ಬಯ್ಯುತ್ತಲೇ ಅಳುತ್ತಿದ್ದಳು. ಮಾವ ಅವರಿಬ್ಬರನ್ನೇ ನೋಡುತ್ತ ನಿಂತರು. ಆಮೇಲೆ ದೋಣಿಯನ್ನು ಮೇಲೆತ್ತಿ ಸಾಮಾನು ಬಿಚ್ಚತೊಡಗಿದರು. ದಿನಸಿ ತುಂಬಿದ ಭಾರದ ಪೀಪಾಯಿ ಮುಂದಿನ ಆಸನಕ್ಕೆ ಒತ್ತಿಕೊಂಡೇ ಇತ್ತು, ಬಿಗಿದ ಹಗ್ಗ ಸಡಿಲವಾಗಿರಲಿಲ್ಲ. ಮಾವನ ಕೈ ಅದರ ಮೇಲೆ ನಿಂತಿತು.

"ಪೀಪಾಯಿ ಮುಂದಿದೆ, ಸೆಲಿ."

"ಹೂಂ ಮಾವ."

"ಅಷ್ಟು ದೊಡ್ಡ ಮನುಷ್ಯನ್ನ ಮುಂದೆ ಕೂರಿಸಿ, ಪೀಪಾಯೀನೂ ಮುಂದೇನೇ ಇಟ್ಟಿದೀನಿ." ಹಗ್ಗದ ಗಂಟನ್ನು ಮುಟ್ಟಿ, "ನಿನ್ನತ್ತೆ ಹಗುರ ಅಲ್ವಾ, ಅವಳಿಗೆ ಅಂತ ಯಾವಾಗ್ಲೂ ಮುಂದೇನೇ ಕಟ್ತಿದ್ದೆ," ಎಂದರು.

ಮಾವ ವಿಲ್ಫ್ರಿಡ್ ಹತ್ತಿರ ಹೋಗಿ, ಒದ್ದೆ ಟೋಪಿ ತೆಗೆದು, "ತಪ್ಪು ನಂದು," ಎಂದರು. ಅವನು ಹಲ್ಲು ಕಟಕಟಿಸುತ್ತಲೇ, "ಮೀನುಗಳು ನಿಮ್ಮನ್ನ ಕೇಳಿದ್ವು," ಎಂದ. ಮಾವ ನಗಲಿಲ್ಲ.

"ಗ್ರೆಟಾಗೆ ನಾನೇ ಹೇಳ್ತೀನಿ," ಎಂದರು ನನ್ನ ಕಡೆ ತಿರುಗಿ. "ನನ್ನ ಕೈಗೆ ಅವಳು ಸತ್ತಿರೋದು ಇನ್ನೂ ಗೊತ್ತಾಗಿಲ್ಲ. ಇಂಥಾ ಕೈ ನಂಬ್ಕೊಂಡು ಜನ ಬರಬಾರ್ದು."

ಕೆಳಗೆ ಇನ್ನೊಂದೇ ಸೆಳವಿತ್ತು. ಮರುದಿನ ಅತಿಥಿಗಳನ್ನು ದಡದ ಹಾದಿಯಲ್ಲಿ ನಡೆದು ಬರಲು ಕಳಿಸಿ, ದೋಣಿಗಳನ್ನು ಒಂದೊಂದಾಗಿ ನಾವಿಬ್ಬರೇ ಇಳಿಸಲು ನಿಂತೆವು. ಮಾವ ಪೀಪಾಯಿಯನ್ನು ಹಿಂದಕ್ಕೆ ಸರಿಸಿ ಕಟ್ಟಿದರು, ಎರಡು ಬಾರಿ ಮುಟ್ಟಿ ನೋಡಿದರು. ಆಮೇಲೆ ಅತ್ತೆಯ ಜಾಗದಲ್ಲಿ, ಮುಂದೆ, ಮಂಡಿಯೂರಿದರು. ಹಿಂದೆ ನಾನು ಕೂತೆ. ನೀರು ನಮ್ಮನ್ನು ಎಳೆದುಕೊಳ್ಳುವ ಮುನ್ನ ಕೇಳಿದರು:

"ಹಿಂದೆ ಇದ್ದೀಯಾ?"

"ಇದ್ದೀನಿ ಮಾವ."

"ಇಲ್ಲಿಂದ ಬರೀ ನೀರೇ ಕಾಣೋದು, ಸೆಲಿ. ಹಿಂದೆ ಯಾರಿದ್ದಾರೋ ಇಲ್ವೋ ಗೊತ್ತೇ ಆಗಲ್ಲ." ಹುಟ್ಟನ್ನು ನೀರಿಗಿಳಿಸಿದರು. "ಅವಳು ಒಂದ್ಸಲಾನೂ ಕೇಳ್ಲಿಲ್ಲ."