ಅಂಜಿನಮ್ಮ ಬಿಡದೆ ಹಿಡಿದ ಸೊನ್ನೆ

ಹೊನ್ನಾಳಿಯಲ್ಲಿ ಹತ್ತೊಂಬತ್ತು ವರ್ಷದಿಂದ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಮಹೇಶ್ವರಪ್ಪ ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮಕ್ಕಳೂ ಹೇಳುತ್ತಾರೆ, ಹೆಂಡತಿಯೂ ಹೇಳುತ್ತಾಳೆ. ಅಂಥ ನನ್ನ ಬಾಯಿ ಮುಚ್ಚಿಸಿದವಳು ಗಾರೆ ಕೆಲಸದ ಒಬ್ಬ ಹೆಂಗಸು.

ಅವಳ ಹೆಸರು ಅಂಜಿನಮ್ಮ. ಸಾಸ್ವೆಹಳ್ಳಿಯವಳು, ವಯಸ್ಸು ಮೂವತ್ತೆರಡು. ಹೋದ ಜನವರಿಯಲ್ಲಿ ನಮ್ಮ ಮನೆಯ ಕಾಂಪೌಂಡ್ ಕಟ್ಟಲು ಹಾಲಸ್ವಾಮಿ ಮೇಸ್ತ್ರಿಯ ಜೊತೆ ಬಂದಳು. ಇಟ್ಟಿಗೆ ಹೊರಲು ಬಂದವಳು ಎಂದುಕೊಂಡೆ. ಗಾರೆ ಹಚ್ಚುವ ಕರಣೆ ಹಿಡಿದು ತಾನೇ ಇಟ್ಟಿಗೆಯ ಸಾಲು ಶುರು ಮಾಡಿದಾಗ ಬೀದಿಯವರ ಜೊತೆ ನಾನೂ ನಿಂತು ನೋಡಿದೆ. ಏಳು ವರ್ಷ ಬುಟ್ಟಿ ಹೊತ್ತು, ಮೇಸ್ತ್ರಿಯ ಕೈ ನೋಡಿ ನೋಡಿ ಕಲಿತಿದ್ದಳಂತೆ.

ಮಧ್ಯಾಹ್ನ ಬುತ್ತಿ ಉಂಡವಳು ನನ್ನ ಟ್ಯೂಷನ್ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಸಾರ್, ಸೆಕೆಂಡ್ ಪಿಯುಸಿ ಮ್ಯಾಥ್ಸ್ ಒಂದು ನಂಗೆ ಉಳ್ಕಂಡೈತೆ. ಮಾರ್ಚ್‌ಗೆ ಮತ್ತೆ ಕಟ್ಟೀನಿ. ಪಾಸಾದ್ರೆ ಸಿವಿಲ್ ಡಿಪ್ಲೊಮಾ ನೇರ ಎರಡನೇ ವರ್ಷಕ್ಕೇ ಸೇರ್ತೀನಿ. ಇನ್ನೊಬ್ರು ನಕ್ಷೆ ನೋಡಿ ಹೇಳಿದ್ದನ್ನ ಎಷ್ಟು ದಿನ ಅಂತ ಕೇಳ್ಲಿ? ಹೇಳ್ಕೊಡ್ತೀರಾ?"

ನಾಲ್ಕು ಸಲ ಕಟ್ಟಿ ನಾಲ್ಕು ಸಲವೂ ಡುಮ್ಕಿ ಹೊಡೆದಿದ್ದಳು. ನಾನು ಸುಲಭದ ದಾರಿ ತೋರಿಸಿದೆ. "ಲಿಮಿಟ್ ಗೋಜಿಗೆ ಹೋಗಬೇಡಮ್ಮ. ಮ್ಯಾಟ್ರಿಕ್ಸು, ವೆಕ್ಟರು ಬಾಯಿಪಾಠ ಮಾಡು."

"ಅದನ್ನ ಬಿಟ್ಟು ಬಿಟ್ಟೇ ನಾಲ್ಕು ಸಲ ಹೋಗೀನಿ ಸಾರ್. ಈ ಸಲ ಬಿಡಲ್ಲ."

ಸರಿ ಎಂದು ಬೋರ್ಡಿನ ಮೇಲೆ ಲಿಮಿಟ್‌ನ ಮೊದಲ ಲೆಕ್ಕ ಬರೆದೆ. ಎಕ್ಸ್‌ನ ವರ್ಗದಲ್ಲಿ ನಾಲ್ಕು ಕಳೆದು, ಎಕ್ಸ್ ಮೈನಸ್ ಎರಡರಿಂದ ಭಾಗಿಸಬೇಕು. ಎಕ್ಸ್ ಎರಡರ ಹತ್ತಿರ ಬಂದಾಗ ಅದು ಎಲ್ಲಿಗೆ ಹೋಗುತ್ತದೆ? ಎರಡನ್ನೇ ಹಾಕಿದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಹಾಗಾಗಿ ಮೇಲಿನದನ್ನು ಎಕ್ಸ್ ಮೈನಸ್ ಎರಡು, ಎಕ್ಸ್ ಪ್ಲಸ್ ಎರಡು ಎಂದು ಒಡೆದು, ಮೇಲೆ ಕೆಳಗೆ ಇದ್ದ ಎಕ್ಸ್ ಮೈನಸ್ ಎರಡನ್ನು ಹೊಡೆದುಹಾಕಿದೆ. ಉಳಿದ ಎಕ್ಸ್ ಪ್ಲಸ್ ಎರಡರಲ್ಲಿ ಎರಡು ಹಾಕಿ, ಉತ್ತರ ನಾಲ್ಕು ಎಂದೆ. ಕಣ್ಣು ಮುಚ್ಚಿಕೊಂಡು ಮಾಡುವ ಲೆಕ್ಕ.

"ಸೊನ್ನೆಯಿಂದ ಭಾಗಿಸಬಾರ್ದು ಅಂತೀರಿ," ಎಂದಳು ಅಂಜಿನಮ್ಮ. "ಎಕ್ಸ್ ಎರಡಾದ್ರೆ ನೀವು ಹೊಡೆದುಹಾಕಿದ್ದು ಸೊನ್ನೆನೇ ಅಲ್ವಾ? ಎರಡಲ್ಲ ಅಂದ್ರೆ ಕೊನೆಗೆ ಎರಡು ಯಾಕೆ ಹಾಕಿದ್ರಿ? ಇದ್ರಾಗೆ ಯಾವುದೋ ಒಂದು ಸುಳ್ಳು ಐತೆ ಸಾರ್."

"ಪರೀಕ್ಷೆಗೆ ಇಷ್ಟು ಸಾಕು," ಎಂದು ರೇಗಿದೆ. ಯಾರೇ ಕೇಳಿದರೂ ನಾನು ಹೇಳುತ್ತಿದ್ದುದು ಅದನ್ನೇ. ಅವಳು ಕದಲಲಿಲ್ಲ. ಎರಡರ ಅಕ್ಕಪಕ್ಕದ ಸಂಖ್ಯೆಗಳನ್ನು ಹಾಕಿ ನೋಡು, ಎರಡನ್ನು ಮಾತ್ರ ಮುಟ್ಟಬೇಡ ಎಂದು ಹೇಳಿ ಸಾಗಹಾಕಿದೆ.

ಮರುದಿನ ಮೂರು ಪುಟ ತುಂಬಿಸಿಕೊಂಡು ಬಂದಳು. 1.9ಕ್ಕೆ 3.9, 1.99ಕ್ಕೆ 3.99. ಆ ಕಡೆಯಿಂದ 2.1ಕ್ಕೆ 4.1, 2.01ಕ್ಕೆ 4.01. ನಡುವೆ ಎರಡರ ಮುಂದೆ ಖಾಲಿ. "ಏನೂ ಇಲ್ದಿರೋ ಕಡೆ ನಾಲ್ಕು ಅಂತ ಹೆಂಗೆ ಬರಿಯಾಕೆ ಬರ್ತೈತೆ?" ಎಂದಳು. ನನ್ನ ಹತ್ತಿರ ಇದಕ್ಕೆ ಸೂತ್ರವಿತ್ತು, ಉತ್ತರವಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳಲು ಅಹಂಕಾರ ಬಿಡಲಿಲ್ಲ.

ಐದನೆಯ ದಿನ ಗೋಡೆ ಕೊನೆಯ ಸಾಲಿಗೆ ಬಂತು. ನಮ್ಮ ಬೀದಿ ಹೊಳೆಯ ಕಡೆಗೆ ಇಳಿಜಾರು, ಗೋಡೆಯ ತಲೆಯೂ ಹಾಗೇ ಇಳಿದು ಬರಬೇಕಿತ್ತು. ಮೇಲಿನ ತುದಿಯಿಂದ ಹಾಲಸ್ವಾಮಿ, ಕೆಳಗಿನ ತುದಿಯಿಂದ ಅಂಜಿನಮ್ಮ ಇಟ್ಟಿಗೆ ಇಡುತ್ತಾ ಬಂದರು. ನಡುವೆ ಒಂದೇ ಇಟ್ಟಿಗೆಯ ಜಾಗ ಉಳಿಯಿತು. ಅಲ್ಲಿಗೆ ಅಳತೆ ನೋಡಿ ಇಟ್ಟಿಗೆ ಕಡಿಯಬೇಕು.

"ಅಲ್ಲಿ ಎಷ್ಟು ಎತ್ತರಕ್ಕೆ ಬರ್ತೈತಮ್ಮ?" ಎಂದು ಹಾಲಸ್ವಾಮಿ ಕೇಳಿದ.

ಅಂಜಿನಮ್ಮ ಈ ಕಡೆ ನೋಡಿದಳು, ಆ ಕಡೆ ನೋಡಿದಳು. "ನಾಲ್ಕೂವರೆ ಅಡಿ," ಎಂದಳು. ಅಂದವಳೇ ಕರಣೆ ಹಿಡಿದು ಹಾಗೇ ನಿಂತುಬಿಟ್ಟಳು.

"ಸಾರ್, ಬರ್ರಿ ಇಲ್ಲಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ನಾನು ಓಡಿ ಬಂದೆ. "ಇಲ್ಲಿ ಇಟ್ಟಿಗೆನೇ ಇಲ್ಲ. ಆದ್ರೂ ಎತ್ತರ ಹೇಳಿದ್ನಲ್ಲ! ಈ ಕಡೆಯಿಂದ ಬಂದ್ರೂ ಅಷ್ಟಕ್ಕೇ ಹೋಗ್ತೈತೆ, ಆ ಕಡೆಯಿಂದ ಬಂದ್ರೂ ಅಷ್ಟಕ್ಕೇ. ಲಿಮಿಟ್ ಅಂದ್ರೆ ಈ ಜಾಗದಾಗೆ ಏನೈತೆ ಅನ್ನೋದಲ್ಲ ಸಾರ್, ಅಕ್ಕಪಕ್ಕದವು ಎಲ್ಲಿಗೆ ಹೊಂಟಾವೆ ಅನ್ನೋದು. ಎರಡನ್ನ ನಾವು ಮುಟ್ಟೇ ಇಲ್ಲ. ಕೆಳಗೆ ಸೊನ್ನೆ ಬರಾದೇ ಇಲ್ಲ, ಅದಕ್ಕೇ ಹೊಡೆದುಹಾಕಬಹುದು."

"ಹಾಗಾದ್ರೆ ಕೊನೆಗೆ ಎರಡು ಹಾಕಿದ್ದು?" ಎಂದು ಕೇಳಿದೆ.

"ಎಕ್ಸ್ ಪ್ಲಸ್ ಎರಡು ಅನ್ನೋದೂ ಇದೇ ಗೋಡೆನೇ, ಅದ್ರಾಗೆ ತೂತಿಲ್ಲ, ಅಷ್ಟೇ. ಅದರ ಎತ್ತರ ಹೇಳಾಕೆ ಏನು ಭಯ?"

"ಮೇಸ್ತ್ರಿ ಕಡೆಯದು ಎರಡು ಇಂಚು ಮೇಲೆ ಬಂದಿದ್ರೆ?"

"ಲಿಮಿಟ್ಟೇ ಇಲ್ಲ."

"ತಪ್ಪೆಲ್ಲ ನನ್ನ ಕಡೆಗೇ ಯಾಕೆ ಬರ್ತೈತೆ?" ಎಂದು ಹಾಲಸ್ವಾಮಿ ಗೊಣಗಿದ.

"ನಡುವೆ ಎತ್ತರದ ಇಟ್ಟಿಗೆ ಕೂರಿಸಿಬಿಟ್ರೆ?" ಎಂದೆ ನಾನು.

"ಲಿಮಿಟ್ ಅದೇ ನಾಲ್ಕೂವರೆ. ಇಟ್ಟಿಗೆ ಮಾತ್ರ ಅದಕ್ಕೆ ಹೊಂದಲ್ಲ."

ನನಗೆ ಖುಷಿಯಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಇದೇ ಪ್ರಶ್ನೆ ಕೇಳಿದ ಎಷ್ಟು ಮಕ್ಕಳನ್ನು ಗದರಿಸಿ ಕೂರಿಸಿದ್ದೇನೋ ಲೆಕ್ಕವಿಲ್ಲ. ಅವರಲ್ಲಿ ಕೆಲವರು ಸೈನ್ಸನ್ನೇ ಬಿಟ್ಟು ಹೋದರು, ದಡ್ಡರೆಂದು ನಾನು ಸುಮ್ಮನಾಗಿದ್ದೆ.

ಕಾಂಪೌಂಡ್ ಮುಗಿದ ಮೇಲೂ ಅಂಜಿನಮ್ಮ ಪ್ರತಿ ಭಾನುವಾರ ಬಸ್ಸು ಹಿಡಿದು ಬಂದಳು. ಏಪ್ರಿಲ್‌ನಲ್ಲಿ ಫಲಿತಾಂಶ ಬಂತು. ಗಣಿತದಲ್ಲಿ ಐವತ್ತೊಂದು, ಪಾಸು. ಎರಡು ದಿನ ಬಿಟ್ಟು ಅವಳು ಮನೆಗೆ ಬಂದಾಗ ಸಿಹಿ ತಂದಿರಬೇಕು ಎಂದುಕೊಂಡೆ. ಚೀಲದಿಂದ ಅವಳು ತೆಗೆದದ್ದು ನೋಟ್‌ಬುಕ್.

"ಪಾಸೇನೋ ಆದೆ ಸಾರ್. ಡಿಪ್ಲೊಮಾಕ್ಕೆ ಅರ್ಜಿನೂ ಹಾಕ್ದೆ. ಆದ್ರೆ ಹತ್ತಿರ ಹತ್ತಿರ ಅಂತೀವಲ್ಲ, ಎಷ್ಟು ಬಂದ್ರೆ ಹತ್ತಿರ? ಒಂದು ಇಂಚಾ, ಕೂದಲೆಳೆಯಷ್ಟಾ? ಅದನ್ನ ಯಾರು ಹೇಳೋರು?"

ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ. "ನನಗೂ ಸರಿಯಾಗಿ ಗೊತ್ತಿಲ್ಲಮ್ಮ," ಎಂದೆ. ವಿದ್ಯಾರ್ಥಿಯೊಬ್ಬರ ಮುಂದೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಅವಳು ನಗಲಿಲ್ಲ. ಚಾಪೆಯ ಮೇಲೆ ಕೂತು ನೋಟ್‌ಬುಕ್ ಬಿಡಿಸಿದಳು.

"ಹಂಗಾದ್ರೆ ನೀವೂ ಕೂತ್ಕಳ್ರಿ ಸಾರ್, ಇಬ್ರೂ ಸೇರಿ ನೋಡಾಣ."