ಗಿರಣಿ ಅತ್ತೆ ಎಣಿಸಿದ ಸುತ್ತು

ಶಾಲೆಯಲ್ಲಿ ನೇರ ಅನುಪಾತ, ವಿಲೋಮ ಅನುಪಾತದ ಪಾಠ ಮಾಡುವಾಗಲೆಲ್ಲ ನನಗೆ ಮೈ ಉರಿಯುತ್ತದೆ. ಲೆಕ್ಕದ ಮೇಲಲ್ಲ, ಆ ಗಿರಣಿ ಯಜಮಾನನ ಮೇಲೆ.

ನನ್ನ ಸೋದರತ್ತೆ ಇಪ್ಪತ್ತೆರಡು ವರ್ಷ ಅವನ ಹಿಟ್ಟಿನ ಗಿರಣಿಯಲ್ಲಿ ನಿಂತವಳು. ಓದಿದ್ದು ನಾಲ್ಕನೇ ಕ್ಲಾಸು. ಬೀಳುವ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ, ಕಲ್ಲು ಬಿಗಿಯೋ ಸಡಿಲವೋ ಹೇಳಿಬಿಡುತ್ತಿದ್ದಳು. ರೆಪ್ಪೆಯ ಮೇಲೆಲ್ಲ ಹಿಟ್ಟು, ನಾಲಿಗೆಯ ಮೇಲೆ ಮಾತ್ರ ಮೆಣಸಿನಪುಡಿ.

ಆ ಬೇಸಿಗೆಯಲ್ಲಿ ಹಿಟ್ಟು ಕೊಂಚ ಬಿಸಿಯಾಗಿ ಬೀಳುತ್ತಿತ್ತು. ಕಲ್ಲಿನ ಓಟ ತಗ್ಗಿಸಲು ಯಜಮಾನ ಹೊಸ ಮೆಕ್ಯಾನಿಕ್ಕನ್ನು ಕರೆಸಿದ. ದೊಡ್ಡ ಚಕ್ರ ನಿಧಾನವಾಗಿ ತಿರುಗುತ್ತದೆ ಎಂದು ಎಲ್ಲೋ ಕೇಳಿದ್ದ ಆ ಮಹಾನುಭಾವ, ಬೆಲ್ಟಿನ ಮೂಲಕ ಕಲ್ಲಿನ ಚಕ್ರವನ್ನು ಓಡಿಸುವ ಮೋಟರಿನ ಆರಿಂಚಿನ ಚಕ್ರ ಬಿಚ್ಚಿ ಹನ್ನೆರಡು ಇಂಚಿನದು ಹಾಕಿದ.

“ಅಯ್ಯೋ, ಮೋಟರಿನ ಚಕ್ರ ದೊಡ್ಡದು ಮಾಡಿದಷ್ಟೂ ಕಲ್ಲು ಜೋರಾಗಿ ಓಡುತ್ತಪ್ಪಾ! ನಿಧಾನ ಬೇಕು ಅಂದ್ರೆ ಕಲ್ಲಿನ ಚಕ್ರ ದೊಡ್ಡದು ಮಾಡು,” ಎಂದಳು ಅತ್ತೆ.

“ಎಷ್ಟು ಓದಿದೀರಮ್ಮಾ?” ಎಂದು ಅವನು ನಕ್ಕ. ಯಜಮಾನನೂ ನಕ್ಕ.

ಮರುದಿನ ಹಿಟ್ಟು ಸೀದ ವಾಸನೆ ಹೊಡೆಯಿತು. ಕಲ್ಲಿನ ಓಟ ಮತ್ತು ಬಿಗಿ, ಎರಡೂ ಸೇರಿಯೇ ಹಿಟ್ಟನ್ನು ಬಿಸಿ ಮಾಡುವುದು. ಓಟ ಎರಡರಷ್ಟಾಗಿತ್ತು, ಅತ್ತೆ ಬಿಗಿಯನ್ನು ಅರ್ಧಕ್ಕೆ ಇಳಿಸಿದಳು. ಬಿಸಿ ಮೊದಲಿನಷ್ಟಕ್ಕೆ ಬಂತು, ಹಿಟ್ಟು ಮಾತ್ರ ತರಿತರಿಯಾಯಿತು. ಡಬ್ಬ ಹಿಡಿದು ನಿಂತವರು ಗೊಣಗಿದರು.

ಅವರೆಲ್ಲರ ಎದುರೇ ಯಜಮಾನ ಕಿರುಚಿದ: “ಈಕೆಗೆ ವಯಸ್ಸಾಯ್ತು, ಕೈ ಹಿಡಿತ ತಪ್ಪಿದೆ. ನಾಳೆಯಿಂದ ಬರೋದು ಬೇಡ!”

ಇಪ್ಪತ್ತೆರಡು ವರ್ಷದ ಕೈ! ಹಾಗೆನ್ನಲು ಅವನಿಗೆ ಬಾಯಾದರೂ ಹೇಗೆ ಬಂತು? ಕೈ ಕೆಟ್ಟವಳು ಎಂದು ಊರೆಲ್ಲ ಹಬ್ಬಿದರೆ ಬೇರೆ ಯಾವ ಗಿರಣಿಯವನು ಅವಳನ್ನು ಒಳಗೆ ಬಿಟ್ಟುಕೊಳ್ಳುತ್ತಾನೆ?

ಬೆಳಿಗ್ಗೆ ಅವಳು ಹೋಗಿಯೇ ಹೋದಳು, ಜೊತೆಗೆ ನಾನೂ. ಸಾಲಿನಲ್ಲಿ ಮುಕ್ಕಾಲು ಪಾಲು ನಿನ್ನೆಯ ಹಿಟ್ಟು ವಾಪಸು ತಂದವರೇ. ಮೋಟರು ಇನ್ನೂ ಶುರುವಾಗಿರಲಿಲ್ಲ. ನನ್ನ ಚೀಲದಿಂದ ಸೀಮೆಸುಣ್ಣ ಕಸಿದುಕೊಂಡು ಎರಡೂ ಚಕ್ರಗಳಿಗೆ ಒಂದೊಂದು ಗೆರೆ ಎಳೆದಳು.

“ಮೊದಲು ಮೋಟರು ಎರಡು ಸುತ್ತು ತಿರುಗಿದ್ರೆ ಕಲ್ಲು ಒಂದು ಸುತ್ತು. ಈಗ ನೀವೇ ಎಣಿಸಿ.”

ಕೈಯಲ್ಲೇ ಮೋಟರಿನ ಚಕ್ರ ತಿರುಗಿಸಿದಳು. ಅದು ಒಂದು ಸುತ್ತು ಮುಗಿಸುವಷ್ಟರಲ್ಲಿ ಕಲ್ಲಿನದೂ ಒಂದು ಸುತ್ತು. ಎರಡಕ್ಕೆ ಎರಡು. ಸಾಲಿನವರು ಒಟ್ಟಿಗೆ ಎಣಿಸಿದರು. ಮೋಟರಿನ ಪಕ್ಕ ನಿಂತಿದ್ದ ಮೆಕ್ಯಾನಿಕ್ ಮೊಬೈಲ್ ಕಿವಿಗಿಟ್ಟುಕೊಂಡು ಹೊರಗೆ ನುಸುಳಿದ.

“ಆಯ್ತಾಯ್ತು, ಚಕ್ರ ಬದಲಾಯಿಸೋಣ. ಒಳಗೆ ಹೋಗಿ ಕೆಲಸ ನೋಡು,” ಎಂದ ಯಜಮಾನ, ಏನೂ ಆಗೇ ಇಲ್ಲವೆಂಬಂತೆ.

“ನೋಡ್ತೀನಿ. ನಿನ್ನೆ ಯಾರೆದುರು ನನ್ನ ಕೈ ಸರಿಯಿಲ್ಲ ಅಂದ್ರೋ, ಅವರೆದುರೇ ತಪ್ಪು ಯಾರದ್ದು ಅಂತ ಹೇಳಿ.”

“ಮೆಕ್ಯಾನಿಕ್‌ದು.”

“ಅವನು ಚಕ್ರ ತಪ್ಪಾಗಿ ಹಾಕಿದ, ಸರಿ. ಅದನ್ನ ನನ್ನ ತಲೆಗೆ ಕಟ್ಟಿದ್ದು ಯಾರು?”

ಯಜಮಾನ ನೆಲ ನೋಡಿಕೊಂಡು, “ತಪ್ಪು ನಂದೇ,” ಎಂದು ಗೊಣಗಿದ.

ಅತ್ತೆ ಸಾಲಿನ ಕೊನೆಯಲ್ಲಿದ್ದವರ ಕಡೆ ಕೈ ತೋರಿಸಿದಳು.

“ಅವರಿಗೆ ಕೇಳಿಸ್ಲಿಲ್ಲ. ನಿನ್ನೆಯಷ್ಟೇ ಜೋರಾಗಿ ಹೇಳಿ.”